ನಾರಿನ ಕರು

ತಾಲ್ಲೂಕು ಕಛೇರಿಯ ಪಡಸಾಲೆಯ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ತನ್ನ ಹೆಸರನ್ನು ಚಿಕ್ಕಗೌರಮ್ಮ ನಾಲ್ಕನೆಯ ಸಲ ಓದಿಕೊಂಡಳು. ಟೈಪು ಮಾಡಿದ ಹೆಸರು. ಮದುವೆಯ ಲಗ್ನಪತ್ರಿಕೆಯಲ್ಲಿ ಬಿಟ್ಟರೆ ಅವಳ ಹೆಸರನ್ನು ಅಚ್ಚಿನ ಅಕ್ಷರದಲ್ಲಿ ಯಾರೂ ಬರೆದಿರಲಿಲ್ಲ; ಅದರಲ್ಲೂ ಅಪ್ಪನ ಹೆಸರು ದಪ್ಪಗೂ ಅವಳದ್ದು ಸಣ್ಣಗೂ ಇತ್ತು. ಇಲ್ಲಿ ಎಲ್ಲರದೂ ಒಂದೇ ಗಾತ್ರ. 'ಚಿಕ್ಕಗೌರಮ್ಮ ಕೋಂ ನಂಜುಂಡಪ್ಪ, ಸಕಲಜೀವಿ ಪಕ್ಷ.' ಅದರ ಕೆಳಗೇ 'ಮರಿಯಮ್ಮ ಕೋಂ ಮಾಯಣ್ಣ.' ಮಂಡಲ ಪಂಚಾಯ್ತಿಯ ಹೆಂಗಸರ ಒಂದು ಜಾಗಕ್ಕೆ ಇಬ್ಬರು, ಒಬ್ಬಳು ತಾನು, ಇನ್ನೊಬ್ಬಳು ಗಂಡನ ಚಿಕ್ಕಪ್ಪನ ಮಗನ ಹೆಂಡತಿ. ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಗೋಂದು ಇನ್ನೂ ಆರಿರಲಿಲ್ಲ, ಹಾಳೆ ಒಂದಿಷ್ಟು ಜಾರಿತು. ಕದ್ದವಳಂತೆ ಕೈ ಹಿಂದೆ ತೆಗೆದಳು. ಕೈಚೀಲದಲ್ಲಿ, ಬುತ್ತಿಯ ಡಬ್ಬಿಯ ಕೆಳಗೆ, ನಾಲ್ಕು ಮಡಿಕೆಯ ಇನ್ನೊಂದು ಹಾಳೆಯಿತ್ತು. ಉಮೇದುವಾರಿಕೆ ವಾಪಸು ತೆಗೆದುಕೊಂಡಿದ್ದೇನೆ ಎನ್ನುವ ಫಾರಮ್ಮು. ಅದಕ್ಕೆ ಬೆಳಿಗ್ಗೆ ಅಡುಗೆಮನೆಯ ಹಲಗೆಯ ಮೇಲೆ ಇಟ್ಟುಕೊಂಡು ರುಜು ಮಾಡಿದ್ದಳು. ಮೂವತ್ತೈದು ದಾಟಿದ ಮೇಲೆ ಮಗಳ ಕೈಲಿ ಕಲಿತ ರುಜು. 'ಗೌ'ದ ಸುತ್ತು ಎಂದೂ ಅಷ್ಟು ದುಂಡಗೆ ಬಂದಿರಲಿಲ್ಲ. ಅಷ್ಟು ಚೆಂದದ ರುಜು ಇಂಥ ಹಾಳೆಯ ಮೇಲೆ ಬಿತ್ತಲ್ಲ ಎಂದು, ಬೇರೆ ಯಾವುದಕ್ಕೂ ಅಲ್ಲ, ಅದಕ್ಕೇ ಅವಳಿಗೆ ಮೊದಲು ಹೊಟ್ಟೆ ಉರಿದಿತ್ತು.

ಮಧ್ಯಾಹ್ನ ಮೂರರೊಳಗೆ ಕೊಡಬೇಕು. ಈಗ ಹನ್ನೊಂದೂವರೆ.

ನೆನ್ನೆ ಸಂಜೆ ಮಾಯಣ್ಣ ಬಂದವನು ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಈ ಸಲ ಅಟ್ಟದ ಕಾಯಿ ಚೆನ್ನಾಗಿ ಒಣಗಿದೆಯೋ ಎಂದು ಕೇಳಿ, ಅವಳ ಗಂಡ ನಂಜುಂಡಪ್ಪನಿಗೆ ಬೀಡಿ ಕೊಟ್ಟು, ಎದ್ದು ಚಪ್ಪಲಿ ಮೆಟ್ಟುವಾಗ ಮರೆತಿದ್ದನ್ನು ನೆನಪಿಸಿಕೊಂಡವನ ಹಾಗೆ ಜೇಬಿಗೆ ಕೈ ಹಾಕಿದ್ದ. "ಅತ್ತಿಗೆ, ನಾನೇನೂ ಜೋರು ಮಾಡಾಕೆ ಬಂದಿಲ್ಲ. ನೀವು ದೊಡ್ಡೋರು. ನಮ್ಮಟ್ಟದ ಮ್ಯಾಲೆ ನಿಮ್ದೊಂದು ಸಾಮಾನು ಉಳ್ಕಂಬುಟ್ಟೈತೆ." "ಯಾವ ಸಾಮಾನಪ್ಪ?" ಎಂದಳು ಅವಳು, ಕೊಳಗವೋ ಜರಡಿಯೋ ಇರಬೇಕೆಂದುಕೊಂಡು. "ಕರು" ಎಂದ ಮಾಯಣ್ಣ. ಆಮೇಲೆ ನಕ್ಕ. "ಓಟಿನ ದಿನ ಇಸ್ಕೂಲ್ ಮುಂದ್ಲ ಹುಣಸೇಮರಕ್ಕೆ ತೂಗಾಕ್ಬುಟ್ಟು, ಎಮ್ಮೆ ಪಾರ್ಟಿ ಅಮ್ಮಾವ್ರು ಸಾಕಿದ ಕರು ಅಂತ ಬೋರ್ಡು ಬರೆಸಿದ್ರೆ ಹೆಂಗಿರ್ತೈತೆ? ಬ್ಯಾಡ ಬುಡಿ. ಮನೆ ಮಾತು ಮನೇಲಿರ್ಲಿ. ಇದಕ್ಕೊಂದು ಸೈನ್ ಹಾಕಿ ಕೊಟ್ಬುಡಿ." ನಂಜುಂಡಪ್ಪ ಬೀಡಿಯ ಹೊಗೆಯ ಹಿಂದೆ ಕೂತಿದ್ದವನು ಹೆಂಡತಿಯ ಮುಖ ನೋಡಲಿಲ್ಲ. ಮಾಯಣ್ಣ ಹೋದ ಮೇಲೆ, "ಹಾಕ್ಬುಡೇ, ಯಾಕ್ ಬೇಕು" ಎಂದ. ಅವನ ಮೇಲೆ ಸಿಟ್ಟೂ ಬರಲಿಲ್ಲ. ತೆಂಗಿನ ಬುಡಕ್ಕೆ ನೀರು ಕಟ್ಟಿ ಕಟ್ಟಿ ಅವನ ಬೆನ್ನು ಬಾಗಿ ಹೋಗಿತ್ತು, ಬಾಗಿದ ಬೆನ್ನಿನವರಿಗೆ ಎದ್ದು ನಿಲ್ಲು ಎನ್ನಲಾದೀತೇ.

"ಏನಮ್ಮ, ವಾಪಸ್ಸಾ?" ಕಿಟಕಿಯ ಒಳಗಿನಿಂದ ಗುಮಾಸ್ತ ಕೇಳಿದ. ಅವನ ಮುಂದೆ ಹಾಳೆಗಳು ಗಾಳಿಗೆ ಏಳದಂತೆ ಒಂದು ಉಂಡೆ ಕೊಬ್ಬರಿ ಇಟ್ಟುಕೊಂಡಿದ್ದ. "ವಾಪಸ್ ಆದ್ರೆ ಯಜಮಾನ್ರನ್ನ ಕರ್ಕೊಂಡ್ ಬನ್ನಿ. ಹೆಂಗಸ್ರು ಇವತ್ತು ತಗೋತೀನಿ ಅಂತೀರ, ನಾಳೆ ಬಂದು ಅಳ್ತೀರ." "ಸುಮ್ಕೆ ನಿಂತಿದೀನಿ ಕಣಪ್ಪ" ಎಂದಳು. "ಸುಮ್ಕೆ ನಿಲ್ಲಾಕೆ ಇದೇನು ಬಸ್ ಸ್ಟಾಂಡಾ?" ಎಂದು ಅವನು ಪಕ್ಕದವನ ಕಡೆ ತಿರುಗಿ, "ಇವರೇ ಕಣ್ರೀ ಎಮ್ಮೆ ಪಾರ್ಟಿ" ಎಂದ. ಪಕ್ಕದವನು ಮೇಜಿನ ಮೇಲಿಂದ ಕತ್ತು ಚಾಚಿ, ಎಮ್ಮೆಯನ್ನೇ ನೋಡುವವನ ಹಾಗೆ, ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರೂ ಹೀಗೇ, "ಒಂದು ಸೀಟು ಅಮ್ಮಾವ್ರಿಗೆ, ಒಂದು ಎಮ್ಮೆಗೆ, ಎರಡು ಟಿಕೀಟು ಕೊಡ್ಲಾ?" ಎಂದಿದ್ದ, ಬಸ್ಸೆಲ್ಲ ನಕ್ಕಿತ್ತು. ಆಗ ಅವಳೂ ನಕ್ಕಿದ್ದಳು. ಎಮ್ಮೆಯ ಹೆಸರಿನಲ್ಲಿ ಬೈಸಿಕೊಳ್ಳುವುದು ಅವಳಿಗೆ ನಿಜವಾಗಿ ಅವಮಾನವೆನಿಸುತ್ತಿರಲಿಲ್ಲ. ಅವಮಾನವಿದ್ದದ್ದು ಬೇರೆ ಕಡೆ.

ಹದಿನಾಲ್ಕು ವರ್ಷದ ಕೆಳಗೆ ಅವಳ ಎಮ್ಮೆ ಚುಕ್ಕಿ ಎರಡನೆಯ ಸಲ ಕರು ಹಾಕಿತ್ತು. ಕೋಣಗರು. ತಾಯಿಗಿದ್ದ ಹಾಗೇ ಹಣೆಯ ಮೇಲೆ ಕಾಸಿನಗಲದ ಬಿಳಿ ಚುಕ್ಕೆ. ಹಾಲು ಮಾಯಸಂದ್ರದ ಹೋಟೆಲಿಗೆ ಹೋಗಬೇಕಿತ್ತು, ಬೆಳಿಗ್ಗೆಯದೂ ಸಂಜೆಯದೂ. ಎರಡು ಚೀಪು ಚೀಪಿಸಿ, ಎಮ್ಮೆ ತೊರೆ ಬಿಟ್ಟು ಕೆಚ್ಚಲಿಗೆ ಹಾಲು ಇಳಿದ ಕೂಡಲೇ ಕರುವಿನ ಮೂತಿ ಕಿತ್ತು ಗೂಟಕ್ಕೆ ಕಟ್ಟುವುದು. ಎಲ್ಲರ ಮನೆಯಲ್ಲೂ ಹಾಗೆಯೇ. ಹೆಣ್ಣುಗರುವಾದರೆ ಇನ್ನೊಂದು ಮೊಲೆ ಬಿಡುತ್ತಿದ್ದರು. ಕೋಣಗರು ತಾನೇ ಎಂದಳು ಅತ್ತೆ, ಕೋಣಗರು ತಾನೇ ಎಂದಳು ನೆರೆಯವಳು, ಕೋಣಗರು ತಾನೇ ಎಂದು ಅವಳೂ ಅಂದುಕೊಂಡಳು. ಅದರ ಕತ್ತು ದಿನದಿನಕ್ಕೆ ಸಣ್ಣಗಾಯಿತು. ಕಟ್ಟಿದ ಹಗ್ಗ ಸಡಿಲವಾಯಿತು ಎಂದು ಇನ್ನೊಂದು ಗಂಟು ಹಾಕಿದ ನೆನಪು ಅವಳ ಬೆರಳಿನಲ್ಲಿ ಈಗಲೂ ಇದೆ. ಇಪ್ಪತ್ತಾರನೆಯ ದಿನ ಬೆಳಿಗ್ಗೆ ಅದು ಏಳಲಿಲ್ಲ. ಸತ್ತ ದನ ಎಳೆಯುವ ದುರ್ಗಯ್ಯ ಬಂದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಚರ್ಮ ಮಾತ್ರ ನಂಗೆ ಬೇಕು ದುರ್ಗಯ್ಯ" ಎಂದಳು. ಕರು ಇಲ್ಲದೆ ಎಮ್ಮೆ ತೊರೆ ಬಿಡುವುದಿಲ್ಲ. ದುರ್ಗಯ್ಯ ಚರ್ಮವನ್ನು ಹದ ಮಾಡಿ, ಚೆನ್ನಾಗಿ ಬಡಿದು ಒಣಗಿಸಿದ ತೆಂಗಿನ ನಾರು ತುಂಬಿ, ಕಾಲಿಗೆ ತೆಂಗಿನ ಮಟ್ಟೆಯ ಕಡ್ಡಿ ಕೊಟ್ಟು, ಹೊಟ್ಟೆಯ ಉದ್ದಕ್ಕೂ ಹೊಲಿದು ತಂದ. ನಿಲ್ಲುತ್ತಿತ್ತು ಅದು. ನೋಡಿದರೆ, ಅದು ಬದುಕಿದ್ದಾಗಿನದಕ್ಕಿಂತ ದುಂಡಗೇ ಇತ್ತು.

ಆ ನಾರಿನ ಕರುವನ್ನು ಅವರು ಇಟ್ಟದ್ದು ಅಟ್ಟದ ಮೇಲೆ, ಕೊಬ್ಬರಿಯಾಗಲಿ ಎಂದು ಹರಡಿದ್ದ ಕಾಯಿಗಳ ನಡುವೆ. ಕೆಳಗಿನ ಒಲೆಯ ಹೊಗೆ ಕಾಯಿಗೂ ತಾಗುತ್ತಿತ್ತು, ಕರುವಿಗೂ ತಾಗುತ್ತಿತ್ತು, ಹುಳ ಹಿಡಿಯುತ್ತಿರಲಿಲ್ಲ. ದಿನಾ ಎರಡು ಹೊತ್ತು ಅದನ್ನು ಇಳಿಸಿ, ಬೆನ್ನಿಗೂ ಹಣೆಗೂ ಉಪ್ಪುನೀರು ಚಿಮುಕಿಸಿ ಚುಕ್ಕಿಯ ಮುಂದೆ ನಿಲ್ಲಿಸುವುದು. ಚುಕ್ಕಿ ಮೂಸುವಳು, ಮೂಗಿನಿಂದ ಬಿಸಿ ಉಸಿರು ಬಿಡುವಳು, ನೆಕ್ಕುವಳು. ನೆಕ್ಕುತ್ತಿದ್ದಂತೆ ಹಾಲು ಇಳಿಯುವುದು. ಒಂಬತ್ತು ತಿಂಗಳು. ಮಗಳು ರಂಗಿಗೆ ಆಗ ಆರು ವರ್ಷ. ಅದಕ್ಕೆ ಬಸವಣ್ಣ ಎಂದು ಹೆಸರಿಟ್ಟು, ಹಾಲು ಕರೆದಾದ ಮೇಲೆ ಅದರ ಮುಖವನ್ನು ತನ್ನ ಲಂಗದಿಂದ ಒರೆಸಿ, "ನಿದ್ದೆ ಮಾಡು ಹೋಗು" ಎಂದು ಅಟ್ಟಕ್ಕೆ ಕಳಿಸುತ್ತಿದ್ದಳು. ಮಗುವಿಗೆ ಗೊತ್ತಿಲ್ಲ, ಅದು ಮಲಗಿದೆ ಎಂದುಕೊಂಡಿದೆ, ಅಷ್ಟರಮಟ್ಟಿಗೆ ಒಳ್ಳೆಯದು ಎಂದು ಚಿಕ್ಕಗೌರಮ್ಮ ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ಮಾರನೆಯ ವರ್ಷ ಮರಿಯಮ್ಮನ ಎಮ್ಮೆಯ ಕರು ಸತ್ತಾಗ ಅವಳು ಬಂದು, "ಅಕ್ಕ, ನಿಮ್ಮ ಕರು ಒಂದಷ್ಟು ದಿನ ಕೊಡಿ" ಎಂದು ಮೊರ ಕೇಳಿದ ಹಾಗೆ ಕೇಳಿ ಒಯ್ದಳು. ಎಮ್ಮೆ ಬೇರೆ, ಕರು ಬೇರೆ. ಆದರೂ ಆ ಎಮ್ಮೆ ನೆಕ್ಕಿತು, ಹಾಲು ಇಳಿಯಿತು. ಅದನ್ನು ಕೇಳಿದ ದಿನ ಚಿಕ್ಕಗೌರಮ್ಮನ ಎದೆಯ ಮೇಲಿಂದ ಕಲ್ಲೊಂದನ್ನು ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಹಂಗಾದ್ರೆ ಉಪ್ಪು. ಎಲ್ಲ ಉಪ್ಪು. ಅದು ತನ್ನ ಕಂದ ಎಂದು ಚುಕ್ಕಿ ನೆಕ್ಕಿದ್ದಲ್ಲ. ಉಪ್ಪಿನ ಆಸೆಗೆ ನೆಕ್ಕಿದ್ದು. ಈ ಹದಿಮೂರು ವರ್ಷವೂ ಅವಳು ಆ ಉಪ್ಪನ್ನು ನಂಬಿಕೊಂಡೇ ಬದುಕಿದ್ದಳು.

"ನೋಡಿ ಸಾರ್, ಇವರೇ." ಮರುಳಪ್ಪನವರ ದನಿ. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದು ನಿವೃತ್ತರಾದ ಮನುಷ್ಯ, ತಾಲ್ಲೂಕಿನಲ್ಲಿ ಸಕಲಜೀವಿ ಪಕ್ಷ ಕಟ್ಟಿದವರು. ಸೈಕಲ್ಲಿಗೆ ಕಟ್ಟಿದ ಹಸಿರು ಬಾವುಟದ ಮೇಲೆ ಹಕ್ಕಿ, ಹಸು, ಮರ, ಮನುಷ್ಯ ನಾಲ್ಕನ್ನೂ ತಾವೇ ಬರೆದಿದ್ದರು; ಮನುಷ್ಯ ಎಲ್ಲಕ್ಕಿಂತ ಸಣ್ಣಗಿದ್ದ. ತಿಪಟೂರಿನಿಂದ ಬಂದಿದ್ದ ಪೇಪರಿನ ಹುಡುಗನನ್ನು ಅವಳ ಮುಂದೆ ತಂದು ನಿಲ್ಲಿಸಿದ್ದರು. "ಹೋದ ವರ್ಷ ಇವರೂರ ಗೋಮಾಳದಲ್ಲಿ ನೀಲಗಿರಿ ಸಸಿ ನೆಡಾಕೆ ಗುಣಿ ತೆಗೆದ್ರಲ್ಲ, ದನಕ್ಕೆ ಒಂದು ಗರಿಕೆ ಉಳಿಯಂಗಿರಲಿಲ್ಲ. ಈ ತಾಯಿ ಏನ್ ಮಾಡಿದ್ರು ಗೊತ್ತಾ? ತಮ್ಮ ಮುದಿ ಎಮ್ಮೆ ಹಿಡ್ಕೊಂಡು ಹೋಗಿ ಮೊದಲ್ನೇ ಗುಣಿ ಪಕ್ಕದಲ್ಲೇ ಗೂಟ ಹೊಡೆದು ಕಟ್ಟಿಬಿಟ್ರು. ಹಿಂದೆ ಹನ್ನೊಂದು ಜನ ಹೆಂಗಸ್ರು, ಮೂವತ್ತು ದನ. ಐದು ದಿನ. ಗುಣಿ ಮುಚ್ಚಿಸಿಯೇ ಎದ್ದಿದ್ದು." ಚಿಕ್ಕಗೌರಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅದು ನಿಜ. ಆ ಐದು ದಿನದ ಬಿಸಿಲು, ಚುಕ್ಕಿಯ ಬೆನ್ನ ಮೇಲೆ ಕೂತ ಬೆಳ್ಳಕ್ಕಿ, ಸರ್ಕಾರದವರು ಜೀಪಿನಿಂದ ಇಳಿದು ಎಮ್ಮೆಯನ್ನು ಏನು ಮಾಡುವುದೆಂದು ತಿಳಿಯದೆ ಮತ್ತೆ ಜೀಪು ಹತ್ತಿದ್ದು, ಇವೆಲ್ಲ ಅವಳವು. ಇವನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಮರುಳಪ್ಪ ಅಲ್ಲಿಗೆ ನಿಲ್ಲಿಸಲಿಲ್ಲ. "ಬರ್ಕೊಳ್ಳಿ ಸಾರ್. ಹುಟ್ಟಿದಾಗಿಂದ ಒಂದು ಜೀವಕ್ಕೆ ನೋವು ಮಾಡಿದೋರಲ್ಲ. ಇಂಥೋರು ಬೇಕು ನಮಗೆ." ಹುಡುಗ ಬರೆದುಕೊಂಡ. ಅವನ ಪೆನ್ನು ಹಾಳೆಯ ಮೇಲೆ ಹೋಗುವುದನ್ನು ಅವಳು ನೋಡಿದಳು. ನೆಟ್ಟಗಾಗಿದ್ದ ಬೆನ್ನಿನಲ್ಲಿ ಬೆವರು ಒಂದು ಗೆರೆಯಾಗಿ ಇಳಿಯಿತು. ಇದೂ ಅಚ್ಚಾಗುತ್ತದೆ. ಅವಳ ಹೆಸರು ಮೂರನೆಯ ಸಲ ಅಚ್ಚಾಗುವುದು ಇದರ ಜೊತೆ.

ಒಂದು ಗಂಟೆಯ ಬಸ್ಸಿಗೆ ಮಗಳು ರಂಗಮ್ಮ ತುಮಕೂರಿನಿಂದ ಬಂದಳು. ಅಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದವಳು, ತೆಳ್ಳಗೆ, ಅಪ್ಪನ ಕಪ್ಪು, ಅವ್ವನ ಮೂಗು. ಅವ್ವನನ್ನು ಪಕ್ಷಕ್ಕೆ ಸೇರಿಸಿದ್ದೂ ಅವಳೇ, ರುಜು ಕಲಿಸಿದ್ದೂ ಅವಳೇ. ಬಂದವಳೇ ಗೋಡೆಯ ಹಾಳೆಯ ಮುಂದೆ ನಿಂತು, "ಅವ್ವ, ನೋಡ್ದಾ? ಟೈಪ್ ಮಾಡವ್ರೆ!" ಎಂದು ಕೂಗಿದಳು. ಕಛೇರಿಗೆ ಬಂದಿದ್ದವರೆಲ್ಲ ತಿರುಗಿದರು. ಮಗಳ ಕೂಗಿನಲ್ಲಿದ್ದ ಹೆಮ್ಮೆ ಚಿಕ್ಕಗೌರಮ್ಮನಿಗೆ ಹೊಡೆದಂತೆ ತಾಗಿತು. ಅವಳ ರಟ್ಟೆ ಹಿಡಿದು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಕಾಫಿ ಬರುವ ಮೊದಲೇ ಫಾರಮ್ಮನ್ನು ತೆಗೆದು ಮೇಜಿನ ಮೇಲಿಟ್ಟಳು.

ರಂಗಮ್ಮ ಓದಿದಳು. "ಯಾರು ಕೊಟ್ಟಿದ್ದು?"

"ನಿಮ್ಮ ಮಾಯಣ್ಣ ಚಿಕ್ಕಪ್ಪ."

"ಯಾಕೆ?"

ಚಿಕ್ಕಗೌರಮ್ಮ ಹೇಳಬೇಕೆಂದು ಹದಿನಾಲ್ಕು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತು ಬಹಳ ಉದ್ದವಿರಬೇಕೆಂದುಕೊಂಡಿದ್ದಳು. ಆದರೆ ಅದು ಚಿಕ್ಕದಾಗಿತ್ತು. "ಬಸವಣ್ಣ ಮಲಗಿರಲಿಲ್ಲ ಕಣೇ. ಸತ್ತಿತ್ತು. ನಾನು ಹಾಲು ಬುಡ್ಲಿಲ್ಲ, ಅದಕ್ಕೇ ಸತ್ತಿದ್ದು. ದುರ್ಗಯ್ಯನ ಕೈಲಿ ನಾರು ತುಂಬಿಸ್ದೆ."

ಮಗಳು ಕಾಫಿಯ ಲೋಟವನ್ನು ತಿರುಗಿಸುತ್ತ ಕೂತಳು. ಅವಳ ಮುಖದಲ್ಲಿ ಗಾಬರಿಯಾಗಲಿ ಹೇಸಿಗೆಯಾಗಲಿ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. "ಅದರ ಎಡಗಿವೀಲಿ ತೂತಿತ್ತು, ನೆನಪೈತಾ?" ಎಂದಳು. "ಅಲ್ಲಿಂದ ನಾರು ಈಚೆ ಬರ್ತಿತ್ತು. ದಿನಾ ಇಳಿಸಿದಾಗ ನಾನೇ ಬೆರಳಲ್ಲಿ ಒಳಕ್ಕೆ ನೂಕ್ತಿದ್ದೆ. ಚುಕ್ಕಿ ಕಂಡ್ಬುಟ್ಟರೆ ಅಂತ."

"ನಿಂಗೆ ಆರು ವರ್ಷ ಕಣೇ ಆಗ!"

"ಆರು ವರ್ಷದೋಳಿಗೆ ಗೊತ್ತಾಗಲ್ವಾ ಅವ್ವ? ದುರ್ಗಯ್ಯ ಬಂದ ದಿನ ಬಾಗಿಲ ಸಂದೀಲೇ ಇದ್ದೆ. ನೀನು ಚರ್ಮ ಕೇಳಿದ್ದೂ ಕೇಳಿಸ್ತು. ನಿಂಗೆ ಬೇಜಾರಾಗ್ತದೆ ಅಂತ ಮಲಗೈತೆ ಅಂತಿದ್ದೆ."

ಹೋಟೆಲಿನಲ್ಲಿ ಯಾರೋ ದೋಸೆಗೆ ಕೂಗುತ್ತಿದ್ದರು. ಮಗುವನ್ನು ತಾನು ಕಾಪಾಡಿದ್ದೆ ಎಂದುಕೊಂಡಿದ್ದಳು. ಮಗು ಅವಳನ್ನು ಕಾಪಾಡುತ್ತಿತ್ತು. ಲಂಗದಿಂದ ಕರುವಿನ ಮುಖ ಒರೆಸುತ್ತಿದ್ದ ಆ ಸಣ್ಣ ಕೈ ಕಿವಿಯ ಹತ್ತಿರ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದದ್ದು ಈಗ ಕಣ್ಣ ಮುಂದೆ ಬಂತು. ಸುಳ್ಳಿನ ನಾರನ್ನು ದಿನಾ ಒಳಕ್ಕೆ ನೂಕುವುದನ್ನು ಆರನೆಯ ವಯಸ್ಸಿಗೇ ಕಲಿಸಿಬಿಟ್ಟೆನಲ್ಲ ಎಂದು ಅವಳಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಮತ್ತೆ ಅದರ ಪಕ್ಕದಲ್ಲೇ, ನಾಚಿಕೆಯಿಲ್ಲದೆ, ಇನ್ನೊಂದು ತಲೆ ಎತ್ತಿತು: ಎಂಥ ಮಗಳು! ಎಂಥ ಬೆರಳು! ಎಮ್ಮೆಗೂ ಅವ್ವನಿಗೂ ಇಬ್ಬರಿಗೂ ನೋವಾಗಬಾರದೆಂದು ಒಂದೇ ಬೆರಳಿನಲ್ಲಿ ಹಿಡಿದುಕೊಂಡಿದ್ದಳಲ್ಲ. ಗೋಡೆಯ ಮೇಲಿನ ಟೈಪಿನ ಹೆಸರು ಅದರ ಮುಂದೆ ಏನೂ ಅಲ್ಲ ಎನ್ನಿಸಿತು.

"ವಾಪಸ್ ತಗೋ ಅನ್ನಲ್ಲ, ಬ್ಯಾಡ ಅನ್ನೋದೂ ಇಲ್ಲ" ಎಂದಳು ರಂಗಮ್ಮ. "ಒಂದು ಕೇಳ್ತೀನಿ. ವಾಪಸ್ ತಗೊಂಡ್ರೆ ಕರು ಕೊಡ್ತೀನಿ ಅಂದ್ರಾ ಚಿಕ್ಕಪ್ಪ?"

ಚಿಕ್ಕಗೌರಮ್ಮ ಯೋಚಿಸಿದಳು. "ಇಲ್ಲ. ನಾನೂ ಕೇಳ್ಲಿಲ್ಲ."

"ಹಂಗಾದ್ರೆ ಅದು ಅವರ ಅಟ್ಟದ ಮೇಲೇ ಇರ್ತದೆ."

ಇರುತ್ತದೆ. ಗೋಮಾಳಕ್ಕೆ ಮತ್ತೆ ಗುಣಿ ತೋಡುವವರು ಬಂದಾಗಲೂ ಇರುತ್ತದೆ. ನಾರಿಗೆಂದು ಕೆರೆಗೆ ಮಟ್ಟೆ ಕೊಳೆಹಾಕಬೇಡಿ ಎಂದು ಅವಳು ಬಾಯಿ ತೆರೆದಾಗಲೂ ಇರುತ್ತದೆ. ಮಾಯಣ್ಣ ಬೀಡಿ ಹಚ್ಚಿಕೊಂಡು ಅಟ್ಟದ ಕಡೆ ಸುಮ್ಮನೆ ಒಂದು ಸಲ ನೋಡಿದರೆ ಸಾಕು. ಅವಳಿಗೆ ಚುಕ್ಕಿಯ ಕತ್ತಿನ ಹಗ್ಗ ನೆನಪಾಯಿತು. ಕಾಫಿ ಕುಡಿದು ಮುಗಿಸಿದಳು, ತಳದ ಸಕ್ಕರೆಯನ್ನೂ ಬಿಡದೆ. ಫಾರಮ್ಮನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಕಛೇರಿಯ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತರು. ಗುಮಾಸ್ತ ಎರಡು ಸಲ ಅವಳ ಕಡೆ ನೋಡಿದ. ಒಳಗಿನ ಗಡಿಯಾರ ಮೂರು ಹೊಡೆಯಿತು. ಮೂರು ಸಲ ಹೊಡೆದದ್ದಷ್ಟೇ, ಬೇರೇನೂ ಆಗಲಿಲ್ಲ; ಅವಳಿಗೆ ಮಾತ್ರ ಕಿವಿಯಿಂದ ಹತ್ತಿ ತೆಗೆದ ಹಾಗೆ ಬೀದಿಯ ಸದ್ದೆಲ್ಲ ಒಮ್ಮೆಲೇ ಕೇಳಿಸತೊಡಗಿತು. ಆಮೇಲೆ ಗುರುತು ಹಂಚಿದರು. ಚೀಟಿ ಎತ್ತಿದಾಗ ಅವಳಿಗೆ ಛತ್ರಿ ಬಂತು. "ಚಳಿಗಾಲದಲ್ಲಿ ಛತ್ರಿ! ಎಮ್ಮೆಗೆ ಹಿಡೀತೀಯೇನಮ್ಮ?" ಎಂದ ಗುಮಾಸ್ತ. "ನಿಂಗೂ ಜಾಗ ಐತೆ ಬಾರಪ್ಪ" ಎಂದಳು ಚಿಕ್ಕಗೌರಮ್ಮ. ಈ ಸಲ ಪಕ್ಕದವನು ಗುಮಾಸ್ತನನ್ನು ನೋಡಿ ನಕ್ಕ.

ಬಸ್ಸು ಹತ್ತುವ ಮೊದಲು ಮರುಳಪ್ಪನವರನ್ನು ಪಕ್ಕಕ್ಕೆ ಕರೆದು ಹೇಳಿದಳು. "ಆ ಪೇಪರಿನ ಹುಡುಗನ ಕೈಲಿ ಒಂದು ಸಾಲು ಹೊಡೆದುಹಾಕಿಸ್ಬೇಕು ಸ್ವಾಮಿ. ಜೀವಕ್ಕೆ ನೋವು ಮಾಡಿಲ್ಲ ಅನ್ನೋದನ್ನ." ಯಾಕೆಂದು ಹೇಳಿದಾಗ ಅವರ ಮುಖ ಸಣ್ಣಗಾಯಿತು. ಸೈಕಲ್ಲಿನ ಬಾವುಟವನ್ನು ಸುಮ್ಮನೆ ಸರಿಮಾಡಿದರು. "ಇದನ್ನ ನಾಮಪತ್ರ ಹಾಕೋ ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು. ಆಮೇಲೆ, "ಮೂವತ್ತು ವರ್ಷದಲ್ಲಿ ಇಂಥ ಕರು ಎಷ್ಟು ಮನೇಲಿ ನೋಡಿದೀನೋ. ನಾನೂ ಯಾರನ್ನೂ ಏನೂ ಕೇಳ್ಲಿಲ್ಲ" ಎಂದು, ಹುಡುಗನನ್ನು ಹುಡುಕಿಕೊಂಡು ಸೈಕಲ್ಲು ತಳ್ಳುತ್ತ ಹೋದರು.

ಮಗಳ ಜೊತೆ ಊರಿನಲ್ಲಿ ಇಳಿದಾಗ ತೋಟಗಳ ನೆತ್ತಿಯ ಮೇಲೆ ಇನ್ನೂ ಒಂದು ಮಾರು ಬಿಸಿಲಿತ್ತು. ಚಿಕ್ಕಗೌರಮ್ಮ ತನ್ನ ಮನೆಯ ಓಣಿಗೆ ತಿರುಗಲಿಲ್ಲ, ನೇರವಾಗಿ ಮಾಯಣ್ಣನ ಮನೆಯ ಜಗಲಿ ಹತ್ತಿದಳು. ಮರಿಯಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಎದುರಾಳಿಗಳಿಬ್ಬರೂ ಹೊಸಿಲಿನ ಈಚೆ ಒಬ್ಬರು, ಆಚೆ ಒಬ್ಬರು ನಿಂತರು. "ನನ್ನ ಕರು ಕೊಡು ಮರಿಯಮ್ಮ" ಎಂದಳು. ಮರಿಯಮ್ಮ ಯಾವ ಕರು ಎಂದು ಕೇಳಲಿಲ್ಲ. ಏಣಿ ಹಾಕಿ ಹತ್ತಿದಳು. ಮೇಲೆ ಕಾಯಿಗಳು ಉರುಳಿದವು, ಒಣಗಿದ ಕೊಬ್ಬರಿ ಚಿಪ್ಪಿನೊಳಗೆ ಲೊಟಲೊಟ ಎನ್ನುವ ಸದ್ದು. ಕರುವನ್ನು ಕಂಕುಳಲ್ಲಿಟ್ಟುಕೊಂಡು ಇಳಿದು, ಸೆರಗಿನಿಂದ ಅದರ ಬೆನ್ನಿನ ಮಸಿ ಒರೆಸಿ ಕೊಟ್ಟಳು. "ಅವರು ಡೈರಿ ಹತ್ರ ಅವ್ರೆ, ಬಂದ್ಬುಡ್ತಾರೆ, ಬಿರ್ರನೆ ಹೋಗಕ್ಕ" ಎಂದವಳು, ದನಿ ತಗ್ಗಿಸಿ, "ನಂಗೂ ಅಟ್ಟ ಹತ್ತಿದಾಗೆಲ್ಲ ಅದು ನೋಡ್ತಾ ಇರ್ತಿತ್ತು ಕಣಕ್ಕ" ಎಂದಳು.

ಎಷ್ಟು ಹಗುರ! ಎತ್ತಿಕೊಂಡಾಗ ಚಿಕ್ಕಗೌರಮ್ಮನಿಗೆ ಮೊದಲು ಹೊಳೆದದ್ದು ಅದು. ಇದನ್ನೇ ಇಷ್ಟು ವರ್ಷ ಹೊರಲಾರದೆ ಹೊತ್ತೆನೇ. ಹಣೆಯ ಬಿಳಿ ಚುಕ್ಕೆ ಹೊಗೆಗೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎಡಗಿವಿಯ ತೂತು ಬಾಯಿ ಬಿಟ್ಟುಕೊಂಡು ನಾರು ಅರ್ಧ ಈಚೆ ಬಂದಿತ್ತು. ರಂಗಮ್ಮನ ಬೆರಳು ತಾನಾಗಿಯೇ ಮುಂದೆ ಬಂದದ್ದನ್ನು ಕಂಡು, "ಬ್ಯಾಡ ಇರು" ಎಂದಳು. ಚೀಲದಿಂದ ಫಾರಮ್ಮನ್ನು ತೆಗೆದು, ದುಂಡನೆಯ ರುಜು ಒಳಗಾಗುವಂತೆ ಸುರುಳಿ ಸುತ್ತಿ, ಆ ತೂತಿಗೆ ಗಿಡಿದಳು. ಸರಿಯಾಗಿ ಕೂತಿತು. ಆಮೇಲೆ ಕರುವನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು ನಡುಬೀದಿಯಲ್ಲಿ ನಡೆದಳು. ಪಕ್ಕದ ಓಣಿಯಿಂದ ಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲುಗಳಲ್ಲಿ ಜನ ಕಾಣಿಸಿಕೊಂಡರು. "ಏನಮ್ಮೋ ಅದು?" "ಕರು ಕಣವ್ವ. ನಂದೇ. ಹಾಲು ಬುಡ್ದೆ ಸಾಯಿಸಿದ್ದೆ, ನಾರು ತುಂಬಿಸಿದ್ದೆ." ಕೇಳಿದವರಿಗೆಲ್ಲ ಅಷ್ಟೇ ಹೇಳಿದಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಲವರು ನಕ್ಕರು. ಕೆಲವು ಹೆಂಗಸರು ನಗಲಿಲ್ಲ, ತಮ್ಮ ಅಟ್ಟ ನೆನಪಾದವರ ಹಾಗೆ ಒಳಕ್ಕೆ ಹೋದರು. ಅರಳಿಕಟ್ಟೆಯ ಆಚೆ ನೆಲದ ಮೇಲೆ ಕೂತಿದ್ದ ದುರ್ಗಯ್ಯ, ಈಗ ಕಣ್ಣು ಮಬ್ಬಾದ ಮುದುಕ, ಎದ್ದು ಬಂದು ಕರುವಿನ ಹೊಟ್ಟೆಯ ಕೆಳಗೆ ಬೆರಳಾಡಿಸಿದ. "ನನ್ನ ಹೊಲಿಗೆ! ಹದಿನಾಲ್ಕು ವರ್ಸಕ್ಕೂ ಒಂದೆಳೆ ಬಿಟ್ಟಿಲ್ಲ ನೋಡವ್ವ" ಎಂದು ಎಲ್ಲರ ಕಡೆ ತಿರುಗಿ ಹೇಳಿದ. ಅವನ ಹೆಮ್ಮೆಗೆ ಯಾವ ಕಲೆಯೂ ಇರಲಿಲ್ಲ. ಬಾ ಎಂದು ಅವನನ್ನೂ ಕರೆದುಕೊಂಡಳು. ಅವನು ಹಿಂದೆ ಬಂದ, ಅವನ ಹಿಂದೆ ಇನ್ನಷ್ಟು ಜನ.

ಮನೆಯ ಮುಂದಿನ ಚಪ್ಪರದಲ್ಲಿ ಚುಕ್ಕಿ ಮೆಲು ಹಾಕುತ್ತಿದ್ದಳು. ಹತ್ತೊಂಬತ್ತು ವರ್ಷದ ಎಮ್ಮೆ. ಬತ್ತಿ ನಾಲ್ಕು ವರ್ಷವಾಗಿತ್ತು, ಬೆನ್ನಮೂಳೆ ಮನೆಯ ಮಾಡಿನ ಹಾಗೆ ಎದ್ದಿತ್ತು. ಸಂತೆಗೆ ಹೊಡಿ ಎಂದು ಎಲ್ಲರೂ ಹೇಳಿದ್ದರು, ಅವಳು ಹೊಡೆದಿರಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ನಂಜುಂಡಪ್ಪ ಗುದ್ದಲಿ ಹಿಡಿದು ತೋಟದಿಂದ ಬಂದವನು ಜನ ಕಂಡು ಅಲ್ಲೇ ನಿಂತ. ಚಿಕ್ಕಗೌರಮ್ಮ ಕರುವನ್ನು ಕೆಳಗಿಳಿಸಿ ನಿಲ್ಲಿಸಿದಳು. ಅಭ್ಯಾಸದಿಂದ ಕೈ ಉಪ್ಪುನೀರಿನ ಬಟ್ಟಲನ್ನು ಹುಡುಕಿತು. ಇಲ್ಲ. ಉಪ್ಪಿಲ್ಲದೆ ನಿಲ್ಲಿಸಿದ್ದು ಇದೇ ಮೊದಲು. ಈಗ ಮೂಸಿ ಮುಖ ತಿರುಗಿಸುತ್ತಾಳೆ, ತಿರುಗಿಸಲಿ, ತಿರುಗಿಸಿದರೆ ನಾನು ಬದುಕಿದೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತಕ್ಷಣ ನಾಚಿಕೆಯಾಯಿತು. ಚುಕ್ಕಿ ಮೆಲುಕು ನಿಲ್ಲಿಸಿದಳು. ಕತ್ತು ಚಾಚಿ ಬಾಲದ ಕಡೆಯಿಂದ ಮೂಸುತ್ತ ಬಂದಳು, ಬೆನ್ನು, ಹೆಗಲು, ಹಾಳೆ ಗಿಡಿದ ಕಿವಿ. ಮೂಗಿನಿಂದ ಬಿಸಿ ಉಸಿರು ಬಿಟ್ಟಳು. ಆಮೇಲೆ ಆ ಒರಟು ನಾಲಿಗೆ ಹೊರಗೆ ಬಂದು ಹಣೆಯ ಚುಕ್ಕೆಯ ಮೇಲೆ ನಿಧಾನವಾಗಿ ಎಳೆಯಿತು. ಇನ್ನೊಂದು ಸಲ. ಮತ್ತೊಂದು ಸಲ. ನೆಕ್ಕಿದ ಕಡೆ ಹೊಗೆ ಕರಗಿ, ಬೆಲ್ಲದ ಬಣ್ಣದ ಕೆಳಗಿನಿಂದ ಬಿಳಿ ಕಾಣಿಸಿತು.

ಹದಿಮೂರು ವರ್ಷ ನಂಬಿಕೊಂಡಿದ್ದ ಉಪ್ಪು ಚಿಕ್ಕಗೌರಮ್ಮನ ಕಾಲ ಕೆಳಗಿನಿಂದ ಕರಗಿ ಹೋಯಿತು. ಗೊತ್ತಿತ್ತು ಇವಳಿಗೆ. ಒಂಬತ್ತು ತಿಂಗಳೂ, ದಿನಾ ಎರಡು ಹೊತ್ತೂ. ಆ ಹಳೆಯ ಕಲ್ಲು ಮತ್ತೆ ಎದೆಯ ಮೇಲೆ ತನ್ನ ಜಾಗಕ್ಕೆ ತಾನೇ ಬಂದು ಕೂತಿತು, ಮತ್ತು ವಿಚಿತ್ರವೆಂದರೆ ಅದರ ಭಾರಕ್ಕೆ ಅವಳು ಬಾಗಲಿಲ್ಲ. ಭಾರ ಹೊತ್ತ ಹೆಂಗಸರು ನಡೆಯುವ ಹಾಗೆ ಕತ್ತು ಇನ್ನಷ್ಟು ನೆಟ್ಟಗಾಯಿತು. ಇದು ನನ್ನ ಎಮ್ಮೆ ಎಂದುಕೊಂಡಳು.

"ಉಪ್ಪು ಹಚ್ಕಂಡ್ ಬಂದವ್ಳೆ ಕಣ್ರಲಾ!" ಹಿಂದಿನಿಂದ ಮಾಯಣ್ಣನ ದನಿ. ಡೈರಿಯಿಂದ ಓಡಿ ಬಂದಿದ್ದ, ಉಸಿರು ಏರಿತ್ತು. "ನಂಗೊತ್ತಿಲ್ವಾ ಈ ಆಟ? ಉಪ್ಪು ಹಚ್ಚಿದ್ರೆ ಕಂಬಾನೂ ನೆಕ್ತೈತೆ ಎಮ್ಮೆ. ನಮ್ಮೆಮ್ಮೆ ನೆಕ್ಕಿರಲಿಲ್ವಾ?" ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಕೇಳಿಸಿತು. ಯಾರೋ ಕಿಸಕ್ಕೆಂದರು.

ಚಿಕ್ಕಗೌರಮ್ಮ ಕರುವನ್ನು ಎತ್ತಿ ಅವನ ಮುಂದೆ ಹಿಡಿದಳು. "ನೋಡು ಮಾಯಣ್ಣ. ಚುಕ್ಕಿ ನೆಕ್ಕದೆ ಇರೋ ಕಡೆ ಬೆರಳಿಕ್ಕಿ ನೋಡು."

"ಏನ್ ನೋಡಾದು?"

"ಉಪ್ಪೈತಾ ಅಂತ."

ಅವನು ಸುತ್ತ ನೋಡಿದ. ಅರ್ಧ ಊರು ನಿಂತಿತ್ತು. ಹಿಂದಕ್ಕೆ ಹೋಗಲು ದಾರಿಯಿರಲಿಲ್ಲ. ಬೆನ್ನ ಮೇಲೆ ಬೆರಳು ಒತ್ತಿ ಎಳೆದ, ಮಸಿ ಹತ್ತಿದ ಬೆರಳನ್ನು ನಾಲಿಗೆಯ ತುದಿಗೆ ಇಟ್ಟುಕೊಂಡ. ಆ ಕಡೆ ದುರ್ಗಯ್ಯ ಮಬ್ಬುಗಣ್ಣು ಅರಳಿಸಿ ಕಾಯುತ್ತಿದ್ದ, ಈ ಕಡೆ ಚುಕ್ಕಿ ಹಗ್ಗ ಜಗ್ಗಿ ಕರುವಿನ ಕಡೆ ಕತ್ತು ಚಾಚುತ್ತಿದ್ದಳು. ಮಾಯಣ್ಣ ಬಾಯಿ ಮುಚ್ಚಿದ, ತೆರೆದ.

"ಬರೀ ಹೊಗೆ" ಎಂದ.

"ಇನ್ನೊಂದು ಸಲ ಹೇಳಪ್ಪ, ದುರ್ಗಯ್ಯನಿಗೆ ಕಿವಿ ಮಂದ" ಎಂದಳು ಚಿಕ್ಕಗೌರಮ್ಮ.

"ಉಪ್ಪಿಲ್ಲ ಅತ್ತಿಗೆ."

ಅವಳು ಕರುವನ್ನು ಮತ್ತೆ ಚುಕ್ಕಿಯ ಮುಂದೆ ನಿಲ್ಲಿಸಿ, ಹಗ್ಗವನ್ನು ಒಂದು ಮಾರು ಸಡಿಲ ಬಿಟ್ಟಳು.